ಗೂಡಿನ ಕಾಳಪ್ಪನ ಇಟ್ಟಿಗೆ ಹಾದಿ

ನಮ್ಮ ಕೆಲಸದಲ್ಲಿ ಬಡ್ತಿ ಎನ್ನುವುದಿಲ್ಲ. ಆಫೀಸಿನಲ್ಲಿದ್ದವರು ನಿವೃತ್ತರಾದ ಮೇಲೆ ತಾವು ಯಾವಾಗ ಗುಮಾಸ್ತರಾದೆವು, ಯಾವಾಗ ಸಾಹೇಬರಾದೆವು ಎಂದು ಬರೆಯಬಹುದು. ನಾನು ಕರಣೆ ಹಿಡಿದಾಗ ಏನಾಗಿದ್ದೆನೋ ಅದನ್ನು ಕೆಳಗಿಟ್ಟಾಗಲೂ ಅದೇ ಆಗಿದ್ದೆ. ಮನೆಯ ಮುಂದಿನ ಕೈತೋಟದಲ್ಲಿ, ಹಿತ್ತಲಲ್ಲಿ ಇಟ್ಟಿಗೆಯ ಹಾದಿ ಹಾಸುವವಳು, ಕೆಟ್ಟ ಹಾದಿಯನ್ನು ರಿಪೇರಿ ಮಾಡುವವಳು. ಆದರೆ ಆ ಕೆಲಸವನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಅರಸೀಕೆರೆಯಿಂದ ಬೇಲೂರಿನ ತನಕ ಇನ್ನೊಬ್ಬರು ಇರಲಿಲ್ಲ. ಈ ಮಾತನ್ನು ಬೇರೆ ಯಾರಾದರೂ ಹೇಳಲಿ ಎಂದು ಕಾದು ಕೂತರೆ ಆಯಸ್ಸೇ ಮುಗಿದೀತು, ಅದಕ್ಕೆ ನಾನೇ ಹೇಳಿಬಿಡುತ್ತಿದ್ದೇನೆ.

ಈಗ ನಮ್ಮ ಹಾರನಹಳ್ಳಿ ಕಡೆ ಹೆಣ್ಣುಮಕ್ಕಳಿಗೂ ಗಾರೆ ಕೆಲಸ ಕಲಿಸುತ್ತಾರೆ. ಕಲಿಯಲು ಹೋಗುವ ಹುಡುಗಿಯರು ಕೆಲವರು ಸಂಜೆ ನಮ್ಮ ಜಗಲಿಗೆ ಬಂದು ಕೂರುತ್ತಾರೆ. "ಆಂಟಿ, ನಿಮ್ ಕಾಲ್ದಲ್ಲಿ ಹೆಂಗಿತ್ತು ಹೇಳಿ" ಎನ್ನುತ್ತಾರೆ. ಬಾಯಲ್ಲಿ ಹೇಳಿದರೆ ಅರ್ಧ ಕೇಳಿ ಅರ್ಧ ಫೋನು ನೋಡುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಓದಿದವಳು ನಾನು, ಅಕ್ಷರ ದುಂಡಗಿದೆ, ಅದಕ್ಕೇನೂ ಕೊರತೆಯಿಲ್ಲ.

ನನಗೆ ಕೆಲಸ ಕಲಿಸಿದವರು ನಮ್ಮ ಚಿಕ್ಕಪ್ಪ ರಂಗಪ್ಪ. ಅವರು ಹೆಸರಾದ ಗಾರೆ ಮೇಸ್ತ್ರಿ. ನಾನು ಅವರ ಜೊತೆ ಕೂಲಿಗೆ ಹೋಗುತ್ತಿದ್ದೆ. ಬಾಂಡ್ಲಿಯಲ್ಲಿ ಮರಳು ಹೊರುವುದು, ಇಟ್ಟಿಗೆಗೆ ನೀರು ಹಾಕುವುದು, ಕರೆದಾಗ ಓಡುವುದು. ಹೆಂಗಸರಿಗೆ ಅಷ್ಟೇ ಕೆಲಸ ಎಂದು ಎಲ್ಲರೂ ಒಪ್ಪಿಕೊಂಡಿದ್ದರು, ನಾನೂ ಒಪ್ಪಿಕೊಂಡಿದ್ದೆ. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಚಿಕ್ಕಪ್ಪನ ಮೊಣಕಾಲು ಕೈಕೊಟ್ಟಿತು. ಗೋಡೆಯನ್ನು ನಿಂತುಕೊಂಡು ಕಟ್ಟಬಹುದು, ಹಾದಿಯನ್ನು ಕುಕ್ಕರುಗಾಲಲ್ಲಿ ಕೂತೇ ಹಾಸಬೇಕು. ಬೇರೆ ಮೇಸ್ತ್ರಿಗಳಿಗೆ ಹಾದಿ ಎಂದರೆ ಅಸಡ್ಡೆ. "ನೆಲದ ಕೆಲ್ಸ ಯಾರಿಗ್ ಬೇಕ್ಲಾ, ನಾಕ್ ಜನ ನೋಡೋ ಗೋಡೆ ಕಟ್ಬೇಕು" ಎನ್ನುತ್ತಿದ್ದರು. ಒಂದು ದಿನ ಚಿಕ್ಕಪ್ಪ ನೋವಿನಿಂದ ಎದ್ದು ನಿಂತು, ಕರಣೆಯನ್ನು ನನ್ನ ಕಡೆ ಚಾಚಿ, "ತಗೋ ಜಯ, ನೀನ್ ಕೂರು. ದಿನಾ ರಂಗೋಲಿ ಹಾಕೋಳ್ಗೆ ಕೂರೋದ್ ಹೇಳ್ಕೊಡ್ಬೇಕಾ?" ಎಂದರು. ನಾನು ಕೂತೆ. ಆಮೇಲೆ ಮೂವತ್ತು ವರ್ಷ ಏಳಲಿಲ್ಲ ಎಂದೇ ಹೇಳಬೇಕು.

ಚಿಕ್ಕಪ್ಪ ಬೈಯುವುದರಲ್ಲಿ ಧಾರಾಳಿ. ಹೊಗಳುವುದರಲ್ಲಿ ಕಡು ಜಿಪುಣ. ಹಾದಿ ಮುಗಿದ ಮೇಲೆ ಅವರದೊಂದು ಪರೀಕ್ಷೆ ಇರುತ್ತಿತ್ತು. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ನಡೆಯುವರು. ಎಲ್ಲಿ ಕಾಲು ತಡೆಯಿತೋ ಅಲ್ಲಿ ನಿಂತು ಹೆಬ್ಬೆರಳಲ್ಲಿ ಒತ್ತಿ "ಇದು" ಎನ್ನುವರು. ಅಷ್ಟೇ. ನಾನು ಆ ಇಟ್ಟಿಗೆ ಕಿತ್ತು ಮತ್ತೆ ಕೂರಿಸಬೇಕು. ಎಲ್ಲೂ ನಿಲ್ಲದೆ ತುದಿ ಮುಟ್ಟಿದರೆ ಬಾಯಿಂದ ಒಂದು ಮಾತೂ ಬರುತ್ತಿರಲಿಲ್ಲ, ಎಲೆ ಅಡಿಕೆಯ ಚೀಲ ಬಿಚ್ಚಿ ಮೊದಲು ನನಗೆ ಒಂದು ಚೂರು ಅಡಿಕೆ ಕೊಡುತ್ತಿದ್ದರು. ಆ ಅಡಿಕೆ ಚೂರಿಗಾಗಿ ನಾನು ಹಲ್ಲು ಕಚ್ಚಿ ದುಡಿದಿದ್ದೇನೆ. ಹುಡುಗಿಯರೇ, ಈಗ ನಿಮಗೆ ರಸಮಟ್ಟ ಕೊಟ್ಟಿದ್ದಾರೆ, ಗಾಜಿನ ಕೊಳವೆಯೊಳಗಿನ ಗುಳ್ಳೆ ನೋಡಿ ಮಟ್ಟ ಹೇಳುತ್ತೀರಿ. ಹೇಳಿ, ಬೇಡವೆನ್ನುವುದಿಲ್ಲ. ಆದರೆ ಆ ಹಾದಿಯಲ್ಲಿ ನಡೆಯುವುದು ಗುಳ್ಳೆಯಲ್ಲ, ಕಾಲು.

ಬೇಲೂರಿನ ಒಬ್ಬ ಡಾಕ್ಟರ ಮನೆಯ ಕೆಲಸದಿಂದ ನನ್ನ ಹೆಸರು ನಾಲ್ಕು ಕಡೆ ಹಬ್ಬಿತು. ಡಾಕ್ಟರ ಹೆಂಡತಿಗೆ ಗೇಟಿನಿಂದ ಮನೆಬಾಗಿಲಿಗೆ ನೆಟ್ಟಗಿನ ಹಾದಿ ಬೇಡವಾಗಿತ್ತು. ಮಾವಿನ ಮರವನ್ನು ಬಳಸಿ, ಗುಲಾಬಿ ಗಿಡಗಳ ಪಕ್ಕ ಹಾದು, ನಿಧಾನವಾಗಿ ತಿರುಗಿಕೊಂಡು ಹೋಗಬೇಕು. ನಮ್ಮದು ಗೂಟ ಹೊಡೆದು ದಾರ ಕಟ್ಟುವ ಪದ್ಧತಿ. ದಾರಕ್ಕೆ ನೆಟ್ಟಗೆ ನಿಲ್ಲುವುದೊಂದೇ ಗೊತ್ತು. ಎಷ್ಟು ಗೂಟ ಹೊಡೆದರೂ ತಿರುವಿನಲ್ಲಿ ಮೂಲೆ ಮೂಲೆಯಾಗಿ ಕಾಣುತ್ತಿತ್ತು. ಚಿಕ್ಕಪ್ಪ ಸೊಂಟದ ಮೇಲೆ ಕೈಯಿಟ್ಟು "ಹಾವು ಹೋದಂಗ್ ಬೇಕು ಅಂದ್ರೆ ಹಾವನ್ನೇ ಕರ್ಕೊಂಡ್ ಬರ್ಬೇಕು" ಎಂದು ಗೊಣಗಿದರು.

ನಾನು ಡಾಕ್ಟರ ಹೆಂಡತಿಯ ಹತ್ತಿರ ಹೋಗಿ, "ಅಮ್ಮಾ, ರಂಗೋಲಿ ಪುಡಿ ಒಂದ್ ಡಬ್ಬಿ ಕೊಡ್ತೀರಾ?" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ತಂದುಕೊಟ್ಟರು. ಪುಡಿಯನ್ನು ಬೆರಳ ಸಂದಿಯಿಂದ ಬಿಡುತ್ತ, ಬಗ್ಗಿಕೊಂಡು, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೋದೆ. ಮರದ ಹತ್ತಿರ ಎಳೆ ತಾನಾಗಿಯೇ ಬಾಗಿತು. ಹಬ್ಬದ ದಿನ ಬಾಗಿಲ ಮುಂದೆ ಬಳ್ಳಿ ಎಳೆಯುವ ಕೈಗೆ ಇದೇನು ದೊಡ್ಡದಲ್ಲ. ಡಾಕ್ಟರ ಹೆಂಡತಿ ಸೆರಗು ಸಿಕ್ಕಿಸಿಕೊಂಡು ತಾವೂ ಇಳಿದರು. "ಇಲ್ಲಿ ಇನ್ ಸ್ವಲ್ಪ ಈ ಕಡೆಗೆ ಬರ್ಲಿ ಕಣ್ರೀ" ಎಂದು ಕಾಲಲ್ಲಿ ಒರೆಸಿ ಇನ್ನೊಂದು ಎಳೆ ಹಾಕಿದರು. ನಾವಿಬ್ಬರೂ ಸೇರಿ ಒಂದು ಬೆಳಗ್ಗೆಯಲ್ಲಿ ಆ ಹಾದಿಯನ್ನು ಬರೆದುಬಿಟ್ಟೆವು. ಎಳೆಯ ಮೇಲೆ ಇಟ್ಟಿಗೆ ಕೂರಿಸುವುದಷ್ಟೇ ಉಳಿಯಿತು. ಅಂದಿನಿಂದ ನನ್ನ ಚೀಲದಲ್ಲಿ ಕರಣೆಯ ಜೊತೆ ರಂಗೋಲಿ ಡಬ್ಬಿಯೂ ಸೇರಿತು. ಬೇಲೂರಿನವರೇ ನನ್ನನ್ನು 'ಹಾದಿ ಮೇಸ್ತ್ರಿ' ಎಂದು ಮೊದಲು ಕರೆದದ್ದು. ಆ ಹೆಸರು ಅಲ್ಲಿಂದ ಹಳೇಬೀಡಿಗೆ ಹೋಯಿತು, ಅರಸೀಕೆರೆಗೂ ಬಂತು. ನಮ್ಮ ಮನೆಯ ಗೇಟಿನ ಒಳಗೆ ಮಾತ್ರ ಬರಲಿಲ್ಲ. ಅದರ ಕತೆ ಮುಂದೆ ಹೇಳುತ್ತೇನೆ.

ಎಡವಟ್ಟುಗಳೂ ಆಗಿವೆ. ಹಗರೆಯಲ್ಲಿ ಮಲ್ಲೇಗೌಡರು ಎನ್ನುವವರ ಮನೆಯಲ್ಲಿ ಕೊಟ್ಟಿಗೆಯಿಂದ ಹಿತ್ತಲ ಬಾಗಿಲಿನವರೆಗೆ ಹಾದಿ ಹಾಸಿದೆ. ಎಂದಿನಂತೆ ಇಟ್ಟಿಗೆಯನ್ನು ಮಲಗಿಸಿಯೇ ಹಾಸಿದ್ದೆ. ಆ ಹಾದಿಯಲ್ಲಿ ನಡೆಯುವವರು ಮನುಷ್ಯರಲ್ಲ, ಗೌಡರ ಸೀಮೆ ಹಸುಗಳು ಎನ್ನುವುದನ್ನು ನಾನು ಯೋಚಿಸಲೇ ಇಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಗೊರಸಿನ ಭಾರಕ್ಕೆ ಇಟ್ಟಿಗೆ ಚಕ್ಕೆ ಚಕ್ಕೆಯಾಗಿತ್ತು. ಗೌಡರು ಹೇಳಿ ಕಳಿಸಿದರು. ಹೋಗಿ ಎಲ್ಲವನ್ನೂ ಕಿತ್ತು, ಗಟ್ಟಿ ಇಟ್ಟಿಗೆ ಆರಿಸಿ, ಪಕ್ಕಕ್ಕೆ ಪಕ್ಕ ನಿಲ್ಲಿಸಿ ಹಾಸಿದೆ. ನಿಂತ ಇಟ್ಟಿಗೆ ಹಸುವಿನ ಭಾರ ತಡೆಯುತ್ತದೆ.

ಗೌಡರು ಬಂದು ನೋಡಿ, "ನಾನ್ ಪಾಸ್ ಮಾಡಿದ್ರೆ ಆಗಲ್ಲ ಜಯಮ್ಮ, ನಮ್ ಗೌರಿ ಪಾಸ್ ಮಾಡ್ಬೇಕು" ಎಂದು ಹಸುವನ್ನು ಹೊಡೆದುಕೊಂಡು ಬಂದರು. ಗೌರಿ ಹೊಸ ಹಾದಿ ಶುರುವಾಗುವ ಕಡೆ ಬಂದು ನಿಂತುಬಿಟ್ಟಳು. ಎಳೆದರೂ ಬರಲಿಲ್ಲ, ಹಿಂದಿನಿಂದ ತಳ್ಳಿದರೂ ಬರಲಿಲ್ಲ. ಕೆಂಪಗೆ ಹೊಳೆಯುವ ನೆಲ ಅವಳಿಗೆ ಗುರುತು ಸಿಗಲಿಲ್ಲ. ಗೌಡರ ಮಗ, ಸೊಸೆ ಎಲ್ಲ ಬಾಗಿಲಲ್ಲಿ ನಿಂತು ನಗುತ್ತಿದ್ದರು. ನನಗೆ ರೇಗಿತು. ಕೊಟ್ಟಿಗೆಗೆ ಹೋಗಿ ಒಂದು ಬಕೆಟ್ ಸಗಣಿ ನೀರು ಕದಡಿ ನನ್ನ ಹೊಸ ಹಾದಿಯ ಮೇಲೆ ನಾನೇ ಎರಚಿದೆ. ಗೌರಿ ಮೂಸಿ ನೋಡಿದಳು, ಒಂದು ಕಾಲಿಟ್ಟಳು, ಆಮೇಲೆ ರಾಣಿಯ ಹಾಗೆ ನಡೆದು ಹೋದಳು. ಆ ಹಾದಿ ಇವತ್ತಿಗೂ ಇದೆ. ಅರೇಹಳ್ಳಿಗೆ ಬಸ್ಸಿನಲ್ಲಿ ಹೋಗುವಾಗ ಗೌಡರ ಮನೆ ಕಾಣುವ ಕಡೆಯ ಕಿಟಕಿಯನ್ನೇ ಹಿಡಿಯುತ್ತೇನೆ.

ಇನ್ನೊಂದು ಸಂಗತಿಯನ್ನು ನೀವು ಗಮನವಿಟ್ಟು ಓದಬೇಕು, ಯಾಕೆಂದರೆ ಮುಂದಿನ ಕತೆಗೆ ಅದು ಬೇಕು. ಅರಸೀಕೆರೆಯಲ್ಲಿ ರೈಲ್ವೆಯಲ್ಲಿದ್ದವರೊಬ್ಬರ ಮನೆ. ತೆಂಗಿನ ಮರಗಳ ನಡುವೆ ನಾವೇ ಹಾಸಿದ ಹಾದಿ ಒಂದೇ ಮಳೆಗಾಲಕ್ಕೆ ಅಲ್ಲಲ್ಲಿ ಕುಸಿದು ಅಲೆಅಲೆಯಾಗಿತ್ತು. ಮನೆಯವರು ಇಟ್ಟಿಗೆ ಸರಿಯಿಲ್ಲ, ಕೆಲಸ ಸರಿಯಿಲ್ಲ ಎಂದು ಹಾರಾಡಿದರು. ಚಿಕ್ಕಪ್ಪ ಹಾರೆ ತಗೊಂಡು ತಗ್ಗಾದ ಜಾಗದಲ್ಲಿ ಚುಚ್ಚಿದರು. ಹಾರೆ ಸರಕ್ಕನೆ ಇಳಿಯಿತು. ಹೊರಗೆ ತೆಗೆದು ತುದಿಯನ್ನು ನನ್ನ ಮೂಗಿಗೆ ಹಿಡಿದರು. "ಮೂಸು. ಏನ್ ವಾಸ್ನೆ?" ಕೊಳೆತ ತೆಂಗಿನ ಮಟ್ಟೆಯ ವಾಸನೆ. ನಮ್ಮ ಕಡೆ ಕಾಯಿ ಸುಲಿದ ಮಟ್ಟೆಯನ್ನು ಯಾರೂ ಸುಮ್ಮನೆ ಎಸೆಯುವುದಿಲ್ಲ. ಮರದ ಬುಡದ ಹತ್ತಿರ ಕಾಲುವೆ ತೋಡಿ, ತುಂಬಿ, ಮಣ್ಣು ಮುಚ್ಚುತ್ತಾರೆ, ಬೇಸಿಗೆಯಲ್ಲಿ ತೇವ ಹಿಡಿದುಕೊಳ್ಳಲಿ ಎಂದು. ಮೇಲೆ ನೋಡಿದರೆ ನೆಲ ಗಟ್ಟಿ. ವರ್ಷ ಕಳೆದಂತೆ ಒಳಗಿನ ಮಟ್ಟೆ ಕೊಳೆತು ಇಂಗುತ್ತದೆ, ಮೇಲಿರುವುದೆಲ್ಲ ಕೆಳಗೆ ಕೂರುತ್ತದೆ. ಮರಕ್ಕೆ ಒಳ್ಳೆಯದು, ಹಾದಿಗೆ ಯಮ. ಅಂದಿನಿಂದ ನಾನು ತೆಂಗಿನ ಮರ ಕಂಡ ಕಡೆ ಹಾರೆ ಚುಚ್ಚದೆ ಒಂದು ಇಟ್ಟಿಗೆಯನ್ನೂ ಇಟ್ಟವಳಲ್ಲ.

ಕಾಲ ಬದಲಾಯಿತು. ಮೊದಲು ಮರಳಿನ ಮೇಲೆ ಇಟ್ಟಿಗೆ ಹಾಸಿ, ಸಂದಿಗೆ ಮರಳೇ ಗುಡಿಸುತ್ತಿದ್ದೆವು. ಆಮೇಲೆ ಎಲ್ಲರಿಗೂ ಸಿಮೆಂಟಿನ ಹುಚ್ಚು ಹಿಡಿಯಿತು. ಸಂದಿಗೆಲ್ಲ ಸಿಮೆಂಟು ತುಂಬಿಸಿ, ನೀರು ಇಂಗದೆ, ಪಾಚಿ ಕಟ್ಟಿ, ಜಾರಿ ಬಿದ್ದು, ಕಡೆಗೆ ನನ್ನನ್ನೇ ಕರೆಸಿ ಕೀಳಿಸಿದರು. ಆಮೇಲೆ ಬಣ್ಣಬಣ್ಣದ ಸಿಮೆಂಟು ಬ್ಲಾಕುಗಳು ಬಂದವು, ಲಾರಿಯಲ್ಲಿ ಬಂದು ಒಂದೇ ದಿನದಲ್ಲಿ ಅಂಗಳ ಮುಚ್ಚಿಬಿಡುತ್ತವೆ. ಅವನ್ನೂ ಹಾಸಿದ್ದೇನೆ. ಕೈಗೆ ಕೆಲಸ, ತಲೆಗೆ ರಜೆ.

ಈಗ ನಮ್ಮ ಮನೆಯ ವಿಷಯ.

ನಾನು ಸೊಸೆಯಾಗಿ ಬಂದ ಮನೆ ಹಾರನಹಳ್ಳಿಯಲ್ಲೇ, ತವರಿನಿಂದ ನಾಲ್ಕು ಬೀದಿ ಆಚೆ. ಯಜಮಾನರು ಶಿವಣ್ಣ ಅರಸೀಕೆರೆಗೆ ಟೆಂಪೊ ಓಡಿಸುತ್ತಿದ್ದರು. ಮಾವನವರ ಹೆಸರು ಕಾಳಪ್ಪ. ಕೆರೆಯ ಹಿಂದೆ ಅವರದು ಇಟ್ಟಿಗೆ ಗೂಡು ಇತ್ತು, ಊರಿನಲ್ಲಿ 'ಗೂಡಿನ ಕಾಳಪ್ಪ' ಎಂದರೇ ಗುರುತು. ತಮ್ಮ ಮದುವೆಯಾದ ಹೊಸದರಲ್ಲಿ ಅವರು ಒಂದು ಗೂಡಿನಲ್ಲಿ ಚೆನ್ನಾಗಿ ಬೆಂದ ಇಟ್ಟಿಗೆಯನ್ನೆಲ್ಲ ಆರಿಸಿ ತಂದು, ಗೇಟಿನಿಂದ ಜಗಲಿಯವರೆಗೆ ತಾವೇ ಹಾದಿ ಹಾಸಿದ್ದರು. ಒಂದು ಪಕ್ಕದಲ್ಲಿ ದಾಸವಾಳ, ಕನಕಾಂಬರ, ಇನ್ನೊಂದು ಪಕ್ಕದಲ್ಲಿ ಸಾಲಾಗಿ ಮೂರು ತೆಂಗಿನ ಮರ. ಆ ಹಾದಿ ಬೇಗನೆ ಕುಸಿಯಿತಂತೆ. ನಾನು ಬರುವ ಹೊತ್ತಿಗೆ ಅದರಲ್ಲಿ ನೆಟ್ಟಗೆ ಒಂದು ಚೊಂಬು ಇಡುವ ಹಾಗಿರಲಿಲ್ಲ.

ಎದುರು ಮನೆಯ ಪುಟ್ಟಸ್ವಾಮಿಯವರಿಗೆ ದಿನಸಿ ಅಂಗಡಿ ಇತ್ತು. ವ್ಯಾಪಾರಕ್ಕಿಂತ ತಮಾಷೆ ಜಾಸ್ತಿ. "ಕಾಳಪ್ಪನ ಹಾದಿಲಿ ಓಡಾಡಕ್ಕೆ ದೋಣಿ ಬೇಕು ಕಣ್ರಪ್ಪಾ" ಎಂದು ಅಂಗಡಿಯಲ್ಲಿ ಕೂತು ನಗಿಸುತ್ತಿದ್ದರು. ನಗು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ತನ್ನ ಮನೆ ಹಾದಿಗೇ ನಿಲ್ಲದ ಇಟ್ಟಿಗೆ ಊರವರ ಗೋಡೆಗೆ ನಿಂತೀತೇ ಎನ್ನುವ ಮಾತು ಹುಟ್ಟಿತು. ಜನ ಬೇರೆ ಕಡೆಯಿಂದ ಇಟ್ಟಿಗೆ ತರಿಸತೊಡಗಿದರು. ಮಾವನವರು ಗೂಡು ಬಿಟ್ಟು ರಾಗಿ ಹೊಲ ನೋಡಿಕೊಂಡು ಇದ್ದುಬಿಟ್ಟರು. ನಾನು ಅವರನ್ನು ಕಂಡಾಗ ಮಾತೇ ಕಡಿಮೆ. ಆ ಹಾದಿಯಲ್ಲಿ ನಡೆಯುವಾಗ ಕೆಳಗೆ ನೋಡದೆಯೇ ಪ್ರತಿ ತಗ್ಗಿಗೂ ಸರಿಯಾಗಿ ಕಾಲೆತ್ತಿ ಇಡುತ್ತಿದ್ದರು. ನಾನು ಬಂದು ಕೆಲವೇ ವರ್ಷಕ್ಕೆ ತೀರಿಕೊಂಡರು.

ನಮ್ಮ ಅತ್ತೆ ಕೆಂಚಮ್ಮ. ಗಟ್ಟಿಗಿತ್ತಿ. ಬಾಯಿ ಜೋರು, ಕೈ ಅದಕ್ಕಿಂತ ಜೋರು, ಕೆಲಸದಲ್ಲಿ. ಹಳೆಯ ಕಾಲದ ಹೆಂಗಸು, ಗಂಡನ ಹೆಸರನ್ನು ಜನ್ಮದಲ್ಲಿ ಬಾಯಿಗೆ ತಂದವರಲ್ಲ. 'ಅವರು' ಎಂದರೆ ಮಾವನವರು ಎಂದು ನಾವೇ ತಿಳಿದುಕೊಳ್ಳಬೇಕು. ರೇಷನ್ ಕಾರ್ಡಿನವರು ಬಂದು ಗಂಡನ ಹೆಸರು ಕೇಳಿದಾಗ ನನ್ನ ಕಡೆ ಕೈ ತೋರಿಸಿದ್ದರು. ನನಗೂ ಮಾವನ ಹೆಸರು ಹೇಳಲು ಸಂಕೋಚ. ಕಡೆಗೆ ಆ ಮನುಷ್ಯ "ಇಬ್ರೂ ಹೇಳ್ದಿದ್ರೆ ನಾನ್ ಏನ್ ಬರ್ಕೊಳ್ಲಿ ತಾಯಿ?" ಎಂದು ತಲೆ ಚಚ್ಚಿಕೊಂಡ. ಪುಟ್ಟಸ್ವಾಮಿಯವರೇ ರಸ್ತೆಯಾಚೆಯಿಂದ ಕೂಗಿ ಹೇಳಿದರು.

ಪ್ರತಿ ವರ್ಷ ಮಳೆಗೆ ಮುಂಚೆ ನಾನು ಕೇಳುತ್ತಿದ್ದೆ, "ಅತ್ತೆ, ಹಾದಿ ಒಂದ್ಸಲ ಕಿತ್ತು ಸರಿಯಾಗಿ ಹಾಕ್ಬಿಡ್ಲಾ?" ಪ್ರತಿ ವರ್ಷವೂ ಒಂದೇ ಉತ್ತರ. "ಅದ್ನ ಮುಟ್ಬೇಡ. ಅವರು ಹಾಸಿದ್ದು." ಊರಿನವರ ಹಾದಿಯನ್ನೆಲ್ಲ ರಿಪೇರಿ ಮಾಡುವವಳು ನನ್ನ ಮನೆಗೆ ಎಡವುತ್ತ ಬರಬೇಕು. ಬೀದಿಯವರ ಎದುರಿಗೆ ಸೊಸೆ ಕುಕ್ಕರುಗಾಲಲ್ಲಿ ಕೂತು ಕರಣೆ ಆಡಿಸುವುದು ಅವರಿಗೆ ಮರ್ಯಾದೆಯಲ್ಲ, ಅದಕ್ಕೇ ಹೀಗೆ ಎಂದು ನಾನು ತೀರ್ಮಾನ ಮಾಡಿದ್ದೆ. ಆಯುಧಪೂಜೆಯಲ್ಲಿ ಟೆಂಪೊಗೆ ಬಾಳೆಕಂಬ, ಹೂವು, ನಿಂಬೆಹಣ್ಣು. ನನ್ನ ಕರಣೆಗೆ ಹಿತ್ತಲ ಮೂಲೆಯಲ್ಲಿ ನಾನೇ ಇಟ್ಟ ಕುಂಕುಮ. ಅದೂ ನನ್ನ ಲೆಕ್ಕಕ್ಕೆ ಸಾಕ್ಷಿಯಾಗಿತ್ತು. ನನಗೆ ಎಷ್ಟು ಸಂಕಟವಾಗುತ್ತಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಹೊರಗೆ ಸಿಕ್ಕ ಹೆಸರು ಮನೆಯೊಳಗೆ ಸಿಗದಿದ್ದರೆ ಊಟ ಮಾಡಿಯೂ ಹಸಿದ ಹಾಗೆ.

ಒಂದು ಮಳೆಗಾಲ ಅತ್ತೆ ಆ ಹಾದಿಯಲ್ಲೇ ಜಾರಿ ಬಿದ್ದರು. ಎಲುಬು ಮುರಿಯಲಿಲ್ಲ, ಸೊಂಟ ಹಿಡಿದುಕೊಂಡು ಮಲಗಿಬಿಟ್ಟರು. ಯಜಮಾನರು ಎಂದೂ ದನಿ ಎತ್ತದವರು ಆವತ್ತು ಎತ್ತಿದರು. "ಅವ್ವಾ, ಇನ್ ನಿನ್ ಮಾತ್ ಕೇಳಲ್ಲ. ಹಾದಿ ರಿಪೇರಿ ಆಗ್ಲೇಬೇಕು."

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ, "ಆಗ್ಲಿ ಬಿಡು. ಅರಸೀಕೆರೆಯಿಂದ ಯಾರ್ನಾದ್ರೂ ಗಂಡ್ ಮೇಸ್ತ್ರಿನ ಕರ್ಕೊಂಡ್ ಬಾ. ಕೀಳೋದೇನ್ ಬ್ಯಾಡ, ಮೇಲೆ ಸಿಮೆಂಟ್ ಬಳ್ದು ಹೋಗ್ಲಿ" ಎಂದರು.

ನಾನು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದೆ. ಮುಖಕ್ಕೆ ಹೊಡೆದ ಹಾಗಾಯಿತು. ಯಜಮಾನರು ನನ್ನ ಮುಖ ನೋಡಿದರು, ಅವ್ವನ ಮುಖ ನೋಡಿದರು, ಟೆಂಪೊದ ಕೀ ತಗೊಂಡು ಹೊರಟೇ ಹೋದರು. ಆ ವಾರವೆಲ್ಲ ಅವರ ಸಾರಿಗೆ ಉಪ್ಪು ಸರಿಯಾಗಿ ಬಿದ್ದಿರಲಾರದು.

ಬಂದವರು ಬಸವರಾಜು ಎನ್ನುವ ಮೇಸ್ತ್ರಿ. ಅವರ ಹೆಸರು ಕೇಳಿದ್ದೆ, ಮುಖ ನೋಡಿರಲಿಲ್ಲ. ಅವರಿಗೂ ನಾನು ಯಾರೋ. ಅತ್ತೆಯನ್ನು ಜಗಲಿಯ ಮೇಲೆ ದಿಂಬು ಕೊಟ್ಟು ಕೂರಿಸಿದ್ದೆವು. ಮೇಸ್ತ್ರಿ ಹಾದಿಯ ಉದ್ದಕ್ಕೂ ನಡೆದು, ಎರಡು ಕಡೆ ಹಿಮ್ಮಡಿಯಲ್ಲಿ ಗುದ್ದಿ ನೋಡಿ, ತಲೆ ಆಡಿಸಿದರು.

"ಮೇಲೆ ಬಳಿದ್ರೆ ಇದು ನಿಲ್ಲಲ್ಲ ಕಣಮ್ಮ. ಒಂದ್ ಮಳೆಗೇ ಬಾಯ್ ಬಿಡ್ತದೆ. ಕಿತ್ತೇ ನೋಡ್ಬೇಕು. ನಾನು ಗೋಡೆ ಕಟ್ಟೋನು, ಸುಮ್ನೆ ಒಪ್ಕೊಂಡು ಹಾಳ್ ಮಾಡಲ್ಲ. ನಿಮ್ ಊರಲ್ಲೇ ಇದಾರಂತಲ್ಲ ಒಬ್ರು, ಅವರ್ನ ಕರೀರಿ."

"ಯಾರಪ್ಪ ಅವರು?" ಎಂದರು ಅತ್ತೆ.

"ಹೆಸರು ಗೊತ್ತಿಲ್ಲ. ಹಾದಿ ಮೇಸ್ತ್ರಿ ಅಂತಾರೆ. ಬೇಲೂರಲ್ಲಿ ಡಾಕ್ಟರ್ ಮನೆದು ಅವರದೇ ಕೆಲ್ಸ. ನೋಡ್ಕೊಂಡ್ ಬಂದಿದೀನಿ, ಕೈ ಮುಗೀಬೇಕು ಆ ಕೆಲ್ಸಕ್ಕೆ. ಹೆಂಗಸಂತೆ."

ನಾನು ಮಜ್ಜಿಗೆಯ ಲೋಟ ಹಿಡಿದುಕೊಂಡು ಅವರ ಮುಂದೆಯೇ ನಿಂತಿದ್ದೆ. ಯಜಮಾನರು ಟೆಂಪೊ ಒರೆಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡರು, ಭುಜ ಮಾತ್ರ ಅಲುಗುತ್ತಿತ್ತು. ಬಸವರಾಜು ಮೇಸ್ತ್ರಿ ಮಜ್ಜಿಗೆ ಕುಡಿದು, "ಚೆನ್ನಾಗೈತೆ ತಾಯಿ" ಎಂದು ಲೋಟ ನನ್ನ ಕೈಗೇ ಕೊಟ್ಟು ಬೈಕು ಹತ್ತಿದರು. ಆ ಪುಣ್ಯಾತ್ಮನಿಗೆ ನಾನು ಇಂದಿಗೂ ಋಣಿ.

ಅವರು ಹೋದ ಮೇಲೆ ನಾನು ಜಗಲಿಯ ಹತ್ತಿರ ಹೋಗಿ ಕೇಳಿದೆ, "ಅತ್ತೆ, ಹಾದಿ ಮೇಸ್ತ್ರಿಗೆ ಯಾವತ್ತು ಬರಕ್ಕೆ ಹೇಳ್ಲಿ?"

ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಸೊಂಟ ನೋಯುತ್ತದೆ, ನಗುತ್ತಲೇ ನನ್ನನ್ನು ಬೈದರು. ಆಮೇಲೆ ನಗು ಆರಿಹೋಯಿತು. "ಕೀಳ್ಲೇಬೇಕಾ ಜಯ?" ಎಂದರು. ಆ ದನಿಯಲ್ಲಿ ಹೆದರಿಕೆ ಇತ್ತು. ಅವರು ಹೆದರಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಕೀಳ್ದೆ ಆಗಲ್ಲ ಅತ್ತೆ."

"ಹಂಗಾರೆ ಪುಟ್ಟಸ್ವಾಮಿ ಅಂಗ್ಡಿಗ್ ಹೋದ್ಮೇಲೆ ಶುರು ಮಾಡು."

ಮರುದಿನ ಬೆಳಗ್ಗೆ ಸೀರೆಯ ಮೇಲೆ ಯಜಮಾನರ ಹಳೇ ಶರ್ಟು ಹಾಕಿಕೊಂಡು ನನ್ನ ಮನೆಯ ಅಂಗಳದಲ್ಲೇ ಕೂತೆ. ಅತ್ತೆ ಜಗಲಿಯಿಂದ ನೋಡುತ್ತಿದ್ದರು. ಮೊದಲ ಇಟ್ಟಿಗೆ ಎಬ್ಬಿಸಿದಾಗಲೇ ಆಶ್ಚರ್ಯವಾಯಿತು. ಅಷ್ಟು ವರ್ಷ ನೆಲದಲ್ಲಿದ್ದ ಇಟ್ಟಿಗೆ, ಅಂಚು ಮುಕ್ಕಾಗಿರಲಿಲ್ಲ. ಮೇಲಿನ ಮುಖ ಕಪ್ಪಾಗಿ ಪಾಚಿ ಹಿಡಿದಿತ್ತು, ಕೆಳಗಿನ ಮುಖ ಆವತ್ತೇ ಗೂಡಿನಿಂದ ತೆಗೆದಷ್ಟು ಕೆಂಪಗಿತ್ತು. ಒಂದೊಂದಾಗಿ ಎಬ್ಬಿಸಿ, ಕೆರೆದು, ಪಕ್ಕಕ್ಕೆ ಜೋಡಿಸುತ್ತ ಹೋದೆ. ತೆಂಗಿನ ಮರಗಳ ಹತ್ತಿರ ಬಂದಾಗ ಅಭ್ಯಾಸದಂತೆ ಹಾರೆ ಚುಚ್ಚಿದೆ. ಸರಕ್ಕನೆ ಇಳಿಯಿತು. ಮೂಸುವುದೇ ಬೇಕಾಗಲಿಲ್ಲ. ಅಗೆದರೆ ಕಪ್ಪಗೆ ಕೊಳೆತ ಮಟ್ಟೆ, ಮೂರು ಮರಗಳ ಉದ್ದಕ್ಕೂ, ಸರಿಯಾಗಿ ಹಾದಿಯ ಕೆಳಗೆ.

ತಲೆಯೆತ್ತಿ ಅತ್ತೆಯ ಕಡೆ ನೋಡಿದೆ. ಅವರು ರಸ್ತೆಯ ಕಡೆ ಮುಖ ಮಾಡಿಕೊಂಡಿದ್ದರು.

"ನಾನೇ ಹಾಕಿದ್ದು ಕಣೇ" ಎಂದರು, ಈ ಕಡೆ ತಿರುಗದೆ. "ಹೊಸ್ದಾಗಿ ಬಂದಿದ್ದೆ. ಮೂರೂ ಸಸಿ ನಮ್ಮವ್ವ ಕೊಟ್ ಕಳ್ಸಿದ್ದು. ಬ್ಯಾಸ್ಗೇಲಿ ಒಣಗ್ತಾವೆ ಅಂತ, ಅವರು ಗೂಡ್ ಹತ್ರ ಇದ್ದಾಗ ಕಾಲ್ವೆ ತೋಡಿ ಮಟ್ಟೆ ತುಂಬ್ದೆ. ಮಣ್ ಮುಚ್ಚಿ, ತುಳ್ದು, ಸಾರ್ಸಿದ್ದೆ. ಗುರ್ತೇ ಇರ್ಲಿಲ್ಲ. ಇಟ್ಗೆ ತಂದಾಗ ಕೇಳಿದ್ರು, ಇಲ್ಲಿ ನೆಲ ಗಟ್ಟಿ ಐತಾ ಅಂತ. ಇಲ್ಲ ಅಂದ್ರೆ ಅಗ್ದು ತೆಗೀತಾರೆ, ಸಸಿ ಸಾಯ್ತವೆ ಅಂತ... ಗಟ್ಟಿ ಐತೆ ಅಂದ್ಬಿಟ್ಟೆ."

ನಾನು ಹಾರೆ ಕೆಳಗಿಟ್ಟೆ.

"ಮಾವನವರಿಗೆ ಗೊತ್ತಾಗಲೇ ಇಲ್ವಾ ಅತ್ತೆ?"

"ಗೊತ್ತಾಯ್ತು. ಮೊದ್ಲ್ನೇ ಮಳೆಗೆ ಕುಸ್ದಾಗ ಒಂದಿಟ್ಗೆ ಎತ್ತಿ ಕೈ ಹಾಕಿ ನೋಡಿದ್ರು. ನಾನು ಒಲೆ ಹತ್ರದಿಂದ ನೋಡ್ತಾನೇ ಇದ್ದೆ. ಇಟ್ಗೆ ಹಂಗೇ ವಾಪಸ್ ಇಟ್ರು. ಕೈ ತೊಳ್ಕೊಂಡು ಊಟಕ್ ಕೂತ್ರು. ಕಾಯ್ ಚಟ್ನಿ ಚೆನ್ನಾಗೈತೆ ಅಂದ್ರು. ಅಷ್ಟೇ ಕಣೇ. ಊರೋರು ಇಟ್ಗೆ ಸರಿಯಿಲ್ಲ ಅಂದಾಗ್ಲೂ ಬಾಯ್ ಬಿಡ್ಲಿಲ್ಲ. ಗೂಡ್ ಬಿಟ್ಟಾಗ್ಲೂ ಬಾಯ್ ಬಿಡ್ಲಿಲ್ಲ. ನಾನೂ ಬಿಡ್ಲಿಲ್ಲ. ನಿಂಗ್ಯಾಕೆ ಮುಟ್ಬೇಡ ಅಂತಿದ್ದೆ, ಈಗ್ ತಿಳೀತಾ?"

ತಿಳಿಯಿತು. ಅಷ್ಟು ವರ್ಷ ನಾನು ಅವರ ಮೇಲೆ ಸಾಧಿಸಿಕೊಂಡು ಬಂದಿದ್ದ ಸಿಟ್ಟು ಎಲ್ಲಿಗೆ ಹೋಯಿತೋ. ಸಮಾಧಾನ ಮಾಡಬೇಕಿತ್ತು. ನಮಗೆ ಗೊತ್ತಿರುವುದು ಇಟ್ಟಿಗೆ. ಎರಡು ಇಟ್ಟಿಗೆ ತಗೊಂಡು ಜಗಲಿಯ ಹತ್ತಿರ ಹೋಗಿ ಒಂದಕ್ಕೊಂದು ತಟ್ಟಿದೆ. ಬೇಯದ ಇಟ್ಟಿಗೆ ತಟ್ಟಿದರೆ ದಪ್ಪ್ ಎನ್ನುತ್ತದೆ. ಇವು ಕಂಚಿನ ಹಾಗೆ ಟಣ್ ಎಂದವು.

"ಕೇಳಿಸ್ತಾ ಅತ್ತೆ? ನಾನು ಎಷ್ಟೋ ಊರಿನ ಇಟ್ಗೆ ಹಿಡ್ದಿದೀನಿ. ಇಂಥದ್ದು ಸಿಕ್ಕಿದ್ದು ಕಮ್ಮಿ."

ಅತ್ತೆ ಕೈ ಚಾಚಿದರು. ಒಂದನ್ನು ಅವರ ಮಡಿಲಿಗೆ ಕೊಟ್ಟೆ. ಅದನ್ನು ಬಹಳ ಹೊತ್ತು ಇಟ್ಟುಕೊಂಡಿದ್ದರು.

ಒಂದು ಚೂರೂ ಬಿಡದೆ ಮಟ್ಟೆ ತೆಗೆದೆ. ಕಾಲುವೆಗೆ ಇಟ್ಟಿಗೆ ಚೂರು, ಜಲ್ಲಿ, ಗಟ್ಟಿ ಮಣ್ಣು ಪದರ ಪದರವಾಗಿ ತುಂಬಿ, ನೀರು ಹಾಕಿದೆ. ಯಜಮಾನರು ಟೆಂಪೊ ನಿಲ್ಲಿಸಿ ಬಂದು, ನೆಲ ಗಟ್ಟಿಯಾಗುವ ತನಕ ದಿಮ್ಮಸು ಹೊಡೆದರು. ಮೂರನೇ ಮರ ದಪ್ಪಗಾಗಿ ಹಳೇ ಹಾದಿಗೆ ಒತ್ತಿಕೊಂಡಿತ್ತು. ಬೇರು ಕಡಿಯಲು ನನಗೆ ಮನಸ್ಸು ಬರಲಿಲ್ಲ, ಅತ್ತೆಯ ತವರಿನ ಮರ. ರಂಗೋಲಿ ಡಬ್ಬಿ ಅವರ ಕೈಗೇ ಕೊಟ್ಟೆ. ಒಂದು ಕೈ ನನ್ನ ಭುಜದ ಮೇಲಿಟ್ಟು, ನಿಧಾನವಾಗಿ ಬಗ್ಗಿ, ಮರವನ್ನು ಬಳಸಿ ಅವರೇ ಎಳೆ ಎಳೆದರು. ಸೊಂಟ ನೋವಿನಲ್ಲೂ ಎಳೆ ಎಲ್ಲೂ ಕಡಿಯಲಿಲ್ಲ. ಮರಳು ಹರಡಿ, ಮಾವನವರ ಇಟ್ಟಿಗೆಯನ್ನೇ ಮಗುಚಿ, ಕೆಂಪು ಮುಖ ಮೇಲೆ ಮಾಡಿ, ಒಂದೊಂದಾಗಿ ಕೂರಿಸಿದೆ. ಹೊಸ ಇಟ್ಟಿಗೆ ಒಂದೂ ಬೇಕಾಗಲಿಲ್ಲ. ಪುಟ್ಟಸ್ವಾಮಿಯವರು ಮನೆಯಲ್ಲಿರುವ ಹೊತ್ತಿಗೆಲ್ಲ ಟೆಂಪೊದ ಟಾರ್ಪಾಲು ಮುಚ್ಚಿಟ್ಟು, ನಾಲ್ಕು ದಿನದಲ್ಲಿ ಮುಗಿಸಿದೆ. ನಾನು ಹಾಸಿದ ಹಾದಿಗಳಲ್ಲಿ ಯಾವುದು ಎಲ್ಲಕ್ಕಿಂತ ಚೆನ್ನಾಗಿದೆ ಎಂದು ಕೇಳುತ್ತೀರಲ್ಲ, ಬೇಲೂರಿನದಲ್ಲ, ಇದು.

ಕಡೆಯ ಸಂದಿಗೆ ಮರಳು ಗುಡಿಸುತ್ತಿದ್ದಾಗ ಪುಟ್ಟಸ್ವಾಮಿಯವರು ಊಟಕ್ಕೆ ಮನೆಗೆ ಬಂದರು. ಗೇಟಿನ ಹತ್ತಿರ ನಿಂತು, ಬಗ್ಗಿ ನೋಡಿ, ಒಂದು ಕಾಲು ಒಳಗಿಟ್ಟು ಒತ್ತಿದರು.

"ಏನ್ ಕೆಂಚಮ್ಮ, ಎದುರ್ಗೇ ಇದ್ರೂ ನಂಗೆ ಹೇಳ್ದೆ ಮಾಡಿಸ್ಬಿಟ್ಯಲ್ಲ! ಹಳೇ ಲಡ್ಡು ಇಟ್ಗೆ ಎಲ್ಲಾ ಎಸೆದ್ಯಾ? ಇದ್ಯಾವ್ ಊರಿಂದ ತರಿಸ್ದೆ? ಯಾವ್ ಮೇಸ್ತ್ರಿ ಹಾಕಿದ್ದು?"

ಅತ್ತೆ ಜಗಲಿಯ ಕಂಬ ಹಿಡಿದು ಎದ್ದರು. ಹಿಡಿಯಲು ಹೋದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಮೆಟ್ಟಿಲಿಳಿದರು. ಬರಿಗಾಲಲ್ಲಿ, ಕೆಳಗೆ ನೋಡದೆ, ಹೊಸ ಹಾದಿಯ ಮೇಲೆ ನಡೆಯುತ್ತ ಹೋದರು. ಚಿಕ್ಕಪ್ಪನ ಪರೀಕ್ಷೆ ನೆನಪಾಗಿ ನಾನು ಅವರ ಪಾದವನ್ನೇ ನೋಡುತ್ತ ಕೂತೆ. ಅವರ ಕಾಲು ಎಲ್ಲೂ ತಡೆಯಲಿಲ್ಲ. ಗೇಟಿನ ತನಕ ಹೋಗಿ, ಪುಟ್ಟಸ್ವಾಮಿಯವರ ಎದುರಿಗೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

"ಯಾವ ಊರಿಂದ್ಲೂ ತರಿಸ್ಲಿಲ್ಲ. ಇದು ಗೂಡಿನ ಕಾಳಪ್ಪನ ಇಟ್ಗೆ."

ಒಳಗಿದ್ದ ಯಜಮಾನರು ಬಾಗಿಲಿಗೆ ಬಂದು ನಿಂತರು. ಆ ಬೀದಿಯಲ್ಲಿ ಯಾರೂ ಕೆಂಚಮ್ಮನ ಬಾಯಲ್ಲಿ ಆ ಹೆಸರು ಕೇಳಿರಲಿಲ್ಲ.

"ಕೆಳಗೆ ಮಟ್ಟೆ ತುಂಬಿ ಹಾಳ್ ಮಾಡಿದ್ದು ನಾನು" ಎಂದರು ಅತ್ತೆ. "ಅದ್ನೂ ಹೇಳು ನಿನ್ ಅಂಗ್ಡೀಲಿ. ಸರಿ ಮಾಡಿದ್ದು ಹಾದಿ ಮೇಸ್ತ್ರಿ, ನನ್ ಸೊಸೆ."

ಹೇಳಿ, ತಿರುಗಿ, ಅದೇ ಹಾದಿಯಲ್ಲಿ ಅಷ್ಟೇ ನಿಧಾನವಾಗಿ ವಾಪಸು ಬಂದರು. ನನ್ನ ಹತ್ತಿರ ಬಂದಾಗ ಸೆರಗಿನ ಗಂಟು ಬಿಚ್ಚಿ, ಒಂದು ಚೂರು ಅಡಿಕೆ ತೆಗೆದು ನನ್ನ ಮಣ್ಣಿನ ಕೈಗೆ ಹಾಕಿದರು. ಚಿಕ್ಕಪ್ಪನ ಪದ್ಧತಿ ಅವರಿಗೆ ಗೊತ್ತಿರಲಿಕ್ಕಿಲ್ಲ, ಬಾಯಿಗೆ ಹಾಕಿಕೊಳ್ಳಲು ಹೊರಟಿದ್ದನ್ನೇ ಕೊಟ್ಟಿರಬೇಕು. ನಾನು ಆ ಚೂರನ್ನೇ ನೋಡುತ್ತ ಕೂತೆ.

"ಏನ್ ಹಂಗ್ ನೋಡ್ಕೊಂಡ್ ಕೂತಿದೀಯಾ?" ಎಂದರು ಅತ್ತೆ. "ಕೈ ತೊಳ್ಕೊಂಡ್ ಬಾ ಮೇಸ್ತ್ರಿ, ಮುದ್ದೆ ಆರೋಯ್ತದೆ."